ಮನೆಗೆ ಕಾರು ಬಂದಾಗ ದೇವರಿಗೆ ಸ್ತೋತ್ರ ಹೇಳುವುದು ಹೇಗೆ?



ಕಳೆದ ವರ್ಷದ ಒಂದು ಭಾನುವಾರ, ಮಾನ್ವಿಯಲ್ಲಿ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ದೇವಾಲಯದ ಅಂಗಳದಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಹೊಸದಲ್ಲ, ಯಾರೋ ಬಳಸಿ ಮಾರಿದ್ದು. ಆದರೂ ಮುಂದೆ ಚೆಂಡು ಹೂವಿನ ಹಾರ, ಒಳಗಿನ ಕನ್ನಡಿಗೆ ಒಂದು ಜಪಸರ. ಆ ಕುಟುಂಬದಲ್ಲಿ ಅಂದಿನವರೆಗೆ ಯಾರೂ ಕಾರು ಕೊಂಡವರಲ್ಲ. ತಂದೆ ಇಪ್ಪತ್ತು ವರ್ಷ ಬೇರೆಯವರ ಟ್ರ್ಯಾಕ್ಟರ್ ಓಡಿಸಿದವರು. ಮಗಳು ಶಿಕ್ಷಕಿ. ಉಳಿತಾಯಕ್ಕೆ ಸಾಲ ಸೇರಿಸಿ ಕಾರು ಕೊಂಡವಳು ಅವಳೇ, ಓಡಿಸುವವಳೂ ಅವಳೇ. ಲೈಸೆನ್ಸ್ ಕೈಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ.

"ಫಾದರ್, ತೀರ್ಥ ಹಾಕಿ ಆಶೀರ್ವಾದ ಮಾಡ್ರಿ" ಎಂದರು ತಂದೆ. ಅಜ್ಜಿ ಕಾರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ದೇವರು ದೊಡ್ಡಾಂವ ಫಾದರ್, ನಮ್ಮ ಮನಿಗೂ ಕಾರು ಕೊಟ್ಟ" ಎಂದು ಕಣ್ಣೀರು ತಂದುಕೊಂಡರು. ಪ್ರಾರ್ಥನೆ ಮುಗಿದು ಎಲ್ಲರೂ ಸಿಹಿ ಹಂಚುತ್ತಿದ್ದಾಗ ಆ ಹುಡುಗಿ ನನ್ನ ಬಳಿಗೆ ಬಂದಳು. "ಒಂದು ಮಾತು ಕೇಳ್ಲೇನ್ರಿ ಫಾದರ್? ದೇವರು ನಮಗ ಕೊಟ್ಟ ಅಂದ್ರ, ಬಾಜೂ ಮನಿಯವರಿಗೆ ಯಾಕ ಕೊಡ್ಲಿಲ್ಲ? ಅವರೂ ಪ್ರಾರ್ಥನಿ ಮಾಡ್ತಾರಲ್ಲ?" ಆ ಬಾಜೂ ಮನೆಯ ಸೊಸೆಯನ್ನು ಹಿಂದಿನ ಮಳೆಗಾಲದಲ್ಲಿ, ಹೆರಿಗೆ ನೋವು ಶುರುವಾದ ಮೇಲೆ, ನಡುರಾತ್ರಿ ಟಂಟಂ ಹುಡುಕಿ ಆಸ್ಪತ್ರೆಗೆ ಸಾಗಿಸಿದ್ದು ನನಗೆ ಗೊತ್ತಿತ್ತು.

ನಾನು ನಕ್ಕು ಮಾತು ತೇಲಿಸಿಬಿಟ್ಟೆ. ಉತ್ತರ ಕೊಡಬೇಕಾದ ಸಾಲ ಮಾತ್ರ ನನ್ನ ಮೇಲೆ ಉಳಿಯಿತು. ಈ ಲೇಖನವನ್ನು ಆ ಸಾಲದ ಒಂದು ಕಂತು ಎಂದು ತಿಳಿಯಿರಿ.

ಈ ಪ್ರಶ್ನೆಗೆ ಎರಡು ಸುಲಭ ಉತ್ತರಗಳಿವೆ. ಮೊದಲನೆಯದು: "ದೇವರ ಮಾತು ಯಾಕೆ? ನಾವು ದುಡಿದೆವು, ಕೊಂಡೆವು. ಕಂತು ಕಟ್ಟುವವರು ನಾವೇ." ವಾಗ್ದತ್ತ ನಾಡನ್ನು ಪ್ರವೇಶಿಸಲಿದ್ದ ಇಸ್ರಯೇಲರಿಗೆ ಮೋಶೆ ಕೊಟ್ಟ ಎಚ್ಚರಿಕೆ ಇದರ ಬಗ್ಗೆಯೇ. ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ದನಕುರಿ ಹೆಚ್ಚಿದಾಗ, ಇದೆಲ್ಲ ನನ್ನ ತೋಳ್ಬಲದ ಸಂಪಾದನೆ ಎಂದುಕೊಳ್ಳಬೇಡಿ ಎಂದು ಧರ್ಮೋಪದೇಶಕಾಂಡದ 8ನೇ ಅಧ್ಯಾಯದಲ್ಲಿ ಅವನು ಬುದ್ಧಿ ಹೇಳುತ್ತಾನೆ. ಎರಡನೆಯ ಉತ್ತರ ಭಕ್ತಿಯ ವೇಷ ತೊಟ್ಟು ಬರುತ್ತದೆ: "ನಾವು ಹೆಚ್ಚು ಪ್ರಾರ್ಥಿಸಿದೆವು, ಆದ್ದರಿಂದ ದೇವರು ನಮಗೆ ಕೊಟ್ಟ." ದೇವಾಲಯದಲ್ಲಿ ನಿಂತ ಫರಿಸಾಯನೂ ದೇವರಿಗೆ ವಂದನೆಯನ್ನೇ ಹೇಳಿದ. ತಾನು ಇತರರಂತೆ ಇಲ್ಲವಲ್ಲ ಎಂಬುದೇ ಅವನ ವಂದನೆಯ ಕಾರಣವಾಗಿತ್ತು. ಅವನ ಬಾಯಲ್ಲಿ ಕೃತಜ್ಞತೆ ಇತ್ತು, ಕಣ್ಣು ಪಕ್ಕದಲ್ಲಿದ್ದ ಸುಂಕದವನ ಮೇಲಿತ್ತು.

ಹಾಗಾದರೆ ಅಜ್ಜಿಯ ಮಾತು ತಪ್ಪೇ? ಖಂಡಿತ ಅಲ್ಲ. ಸೂರ್ಯನನ್ನೂ ಮಳೆಯನ್ನೂ ಒಳ್ಳೆಯವರಿಗೂ ಕೆಟ್ಟವರಿಗೂ ಸಮಾನವಾಗಿ ಕೊಡುವ ತಂದೆ, ಪ್ರಾರ್ಥನೆಗಳನ್ನು ತೂಗಿ ನೋಡಿ ಕಾರು ಹಂಚುವವನಲ್ಲ. ದೇವರು ಆದಿಕಾರಣನಾಗಿದ್ದು ಸೃಷ್ಟಿಯ ಕೈಗಳ ಮೂಲಕವೇ ಕೆಲಸ ಮಾಡುತ್ತಾನೆ ಎಂದು ಗುರುಮಠದಲ್ಲಿ ನಮಗೆ ಕಲಿಸಿದ್ದರು. ಆ ಕೈಗಳನ್ನು ಸ್ವಲ್ಪ ಎಣಿಸಿ ನೋಡಿ. ಸಂಡೂರಿನಂಥ ಗಣಿಗಳಲ್ಲಿ ಕೆಂಪು ಧೂಳು ಕುಡಿದು ಅದಿರು ತೆಗೆಯುವವರು, ಕುಲುಮೆಯ ಮುಂದೆ ಬೆವರುವವರು, ರಾಯಚೂರು ಸೀಮೆಯ ಬಿರುಬಿಸಿಲಿನಲ್ಲಿ ಕುದಿಯುವ ಡಾಂಬರು ಸುರಿದು ರಸ್ತೆ ಮಾಡುವವರು, ಹೆಣ್ಣುಮಗಳನ್ನು ಓದಿಸಿ ಎಂದು ಆ ತಂದೆಗೆ ಒತ್ತಾಯ ಮಾಡಿದ ಮೇಷ್ಟ್ರು, ಕ್ಲಚ್ ಬಿಡಲು ಬಾರದ ದಿನಗಳಲ್ಲಿ ತಾಳ್ಮೆಯಿಂದ ಪಕ್ಕದಲ್ಲಿ ಕುಳಿತ ತರಬೇತುದಾರ. ಇವರಲ್ಲಿ ಬಹುಪಾಲು ಜನ ಸ್ವಂತ ಕಾರು ಕಂಡವರಲ್ಲ. ದೇವರು ಕೊಟ್ಟ ಎನ್ನುವಾಗ ಇವರೆಲ್ಲರ ಮೂಲಕ ಕೊಟ್ಟ ಎಂಬುದನ್ನು ಮರೆಯಬಾರದು. ಬಾಜೂ ಮನೆಯವರೂ ಆ ಸಾಲಿನಲ್ಲಿ ಎಲ್ಲೋ ಇದ್ದಾರೆ.

ಕೃತಜ್ಞತೆಗೆ ಮೂರು ಮೆಟ್ಟಿಲುಗಳಿವೆ ಎಂದು 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಪಡೆದ ಉಪಕಾರವನ್ನು ಗುರುತಿಸುವುದು ಒಂದು. ಅದನ್ನು ಬಾಯ್ತುಂಬ ಹೊಗಳಿ ವಂದಿಸುವುದು ಎರಡು. ತಕ್ಕ ಕಾಲದಲ್ಲಿ, ತಕ್ಕ ಸ್ಥಳದಲ್ಲಿ, ತನ್ನ ಶಕ್ತಿಗೆ ತಕ್ಕಂತೆ ಹಿಂದಿರುಗಿಸುವುದು ಮೂರು. ನಾವು ಸಾಮಾನ್ಯವಾಗಿ ಎರಡನೆಯ ಮೆಟ್ಟಿಲಲ್ಲೇ ಸಿಹಿ ಹಂಚಿ ಮನೆಗೆ ಹೋಗುತ್ತೇವೆ. ಮೂರನೆಯದು ಕಷ್ಟ. ದೇವರಿಗೆ ನಮ್ಮ ಕಾರಿನ ಅಗತ್ಯವಿಲ್ಲ. ಹಾಗಿದ್ದರೆ ಹಿಂದಿರುಗಿಸುವುದು ಯಾರಿಗೆ?

ಇದಕ್ಕೆ ಪವಿತ್ರ ಗ್ರಂಥದಲ್ಲಿ ಒಂದು ಚಿಕ್ಕ ಕಟ್ಟಳೆ ನೆರವಾಗುತ್ತದೆ. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟಿದವನು ಅದರ ಮಾಳಿಗೆಯ ಸುತ್ತ ಕುಂಬಿ ಕಟ್ಟಬೇಕು, ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ದೋಷ ಮನೆಯ ಮೇಲೆ ಬರುತ್ತದೆ ಎಂಬ ಅರ್ಥದ ಮಾತಿದೆ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುವ ನಮ್ಮ ಕಡೆಯ ಜನರಿಗೆ ಕುಂಬಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಂಚಿನ ಆ ಮೋಟುಗೋಡೆ ಇಲ್ಲದಿದ್ದರೆ ನಿದ್ದೆಗಣ್ಣಿನ ಮಗು ಕೆಳಗೆ ಬೀಳುತ್ತದೆ. ಹೊಸದಾಗಿ ಏನನ್ನಾದರೂ ಪಡೆದವನಿಗೆ ಹೊಸ ಸುಖದ ಜೊತೆ ಹೊಸ ಜವಾಬ್ದಾರಿಯೂ ಹುಟ್ಟುತ್ತದೆ ಎಂಬುದು ಆ ಕಟ್ಟಳೆಯ ತಿರುಳು. ಮನೆಗೆ ಕಾರು ಬಂದಾಗಲೂ ನಾವು ಒಂದು ಕುಂಬಿ ಕಟ್ಟಬೇಕು.

ಇದು ಬರಿಯ ಉಪಮೆಯಲ್ಲ. 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಮಾನ್ವಿ ತಾಲೂಕಿನ ಕಪಗಲ್ ಬಳಿ ಶಾಲಾ ವಾಹನವೂ ಸಾರಿಗೆ ಬಸ್ಸೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು, ಅನೇಕ ಮಕ್ಕಳು ಗಾಯಗೊಂಡರು. ಆ ದಿನವನ್ನು ನಮ್ಮಲ್ಲಿ ಯಾರು ಮರೆತಾರು? ಯಾರದು ತಪ್ಪು ಎಂದು ತೀರ್ಪು ಹೇಳುವ ಕೆಲಸ ನನ್ನದಲ್ಲ. ನಾವು ದಿನವೂ ಓಡಾಡುವ ರಸ್ತೆಯ ಮೇಲೆ ಎಷ್ಟು ತಾಯಂದಿರ ಪ್ರಾಣ ಇರುತ್ತದೆ ಎಂಬುದನ್ನು ಮಾತ್ರ ನೆನಪಿಸುತ್ತಿದ್ದೇನೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಕುಡಿದು ಅಥವಾ ವೇಗದ ಹುಚ್ಚಿನಿಂದ ತಮ್ಮ ಮತ್ತು ಇತರರ ಜೀವಕ್ಕೆ ಅಪಾಯ ತರುವವರು ಗಂಭೀರ ದೋಷಕ್ಕೆ ಗುರಿಯಾಗುತ್ತಾರೆ ಎಂದು 1992ರಲ್ಲಿ ಧರ್ಮಸಭೆ ಪ್ರಕಟಿಸಿದ ಕ್ಯಾಟೆಕಿಸಂ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. 2007ರಲ್ಲಿ ವ್ಯಾಟಿಕನ್ನಿನ ಒಂದು ಮಂಡಳಿ ವಾಹನ ಚಾಲಕರಿಗಾಗಿಯೇ ಹತ್ತು ಕಟ್ಟಳೆಗಳನ್ನು ಹೊರಡಿಸಿತು. ಅವುಗಳಲ್ಲಿ ಮೊದಲನೆಯದು ಕೊಲ್ಲಬಾರದೆಂಬ ಹಳೆಯ ಆಜ್ಞೆಯೇ. ಕಾರನ್ನು ಅಧಿಕಾರ ತೋರಿಸುವ ಸಾಧನವಾಗಿಸಬಾರದು ಎಂಬುದೂ ಅವುಗಳಲ್ಲಿ ಒಂದು. ಪಾಪನಿವೇದನೆಗೆ ಬಂದವರು ಸುಳ್ಳು, ಸಿಟ್ಟು, ಭಾನುವಾರದ ಪೂಜೆ ತಪ್ಪಿಸಿದ್ದು ಎಲ್ಲವನ್ನೂ ಹೇಳುತ್ತಾರೆ. ಕುಡಿದು ಗಾಡಿ ಓಡಿಸಿದೆ ಎಂದು ಹೇಳುವವರು ಎಷ್ಟು ಮಂದಿ?

ತಂದೆತಾಯಂದಿರೇ, ನಿಮಗೂ ಒಂದು ಮಾತು. ಹದಿನಾರರ ಮಗ ಕಾರು ಓಡಿಸುತ್ತಾನೆಂದು ನೆಂಟರ ಮುಂದೆ ಹೆಮ್ಮೆಪಡಬೇಡಿ. ಹದಿನೆಂಟು ತುಂಬದವನ ಕೈಗೆ ಬೀಗದಕೈ ಕೊಟ್ಟು ಅಪರಾಧ ನಡೆದರೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಪಾಲಕರನ್ನೇ ಹೊಣೆ ಮಾಡುತ್ತದೆ. ದಂಡ 25,000 ರೂಪಾಯಿ, ಸೆರೆವಾಸ ಮೂರು ವರ್ಷದವರೆಗೆ.

ಯಾರಿಗೂ ಕೇಡು ಮಾಡದಿದ್ದರೆ ಸಾಕೆ? ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯ ಸಾಮತಿಯನ್ನು ನೆನೆಯಿರಿ. ದರೋಡೆಗೆ ಸಿಕ್ಕವನನ್ನು ಕಂಡ ಸಮಾರಿಯದವನ ಬಳಿ ಒಂದು ವಾಹನವಿತ್ತು, ಅವನ ಸ್ವಂತ ಸವಾರಿಯ ಪ್ರಾಣಿ. ಗಾಯಾಳುವನ್ನು ಅದರ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ. ತಾನು ಕುಳಿತಿದ್ದ ಜಾಗವನ್ನು ಬಿಟ್ಟುಕೊಟ್ಟು ಅವನು ಪಕ್ಕದಲ್ಲಿ ನಡೆದಿರಬೇಕು. ಅದೇ ದಾರಿಯಲ್ಲಿ ಮೊದಲು ಹಾದುಹೋದವನು ಒಬ್ಬ ಯಾಜಕ.

ಆ ಯಾಜಕನನ್ನು ನಾನು ಬಲ್ಲೆ. ಕೆಲವು ವರ್ಷಗಳ ಹಿಂದೆ ಸಿಂಧನೂರು ರಸ್ತೆಯಲ್ಲಿ ರಾತ್ರಿ ಒಬ್ಬನೇ ಬರುತ್ತಿದ್ದೆ. ಬೈಕೊಂದು ಬಿದ್ದಿತ್ತು, ಪಕ್ಕದಲ್ಲಿ ಒಬ್ಬ ವ್ಯಕ್ತಿ, ಸುತ್ತ ನಾಲ್ಕೈದು ಜನ. ಯಾರೋ ನೋಡಿಕೊಳ್ಳುತ್ತಾರೆ, ಪೊಲೀಸು ಸಾಕ್ಷಿ ಎಂದು ಅಲೆಯುವುದು ಯಾರಿಗೆ ಬೇಕು, ಬೆಳಿಗ್ಗೆ ಆರಕ್ಕೆ ಪೂಜೆಯಿದೆ ಎಂದುಕೊಂಡು ವೇಗ ಕಡಿಮೆ ಮಾಡಿದವನು ಮತ್ತೆ ಹೆಚ್ಚಿಸಿದೆ. ಆ ಮನುಷ್ಯ ಬದುಕಿದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಪೊಲೀಸರ ಭಯ ಒಂದು ನೆಪವಾಗಿತ್ತು. ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2016ರಲ್ಲೇ ಕಡ್ಡಾಯಗೊಳಿಸಿತ್ತು. 2019ರ ತಿದ್ದುಪಡಿಯ 134ಎ ಕಲಮಿನಂತೆ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಮೊಕದ್ದಮೆಯ ಹೊಣೆ ಬರುವುದಿಲ್ಲ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಅಂಥವರನ್ನು ನಮ್ಮ ದೇಶದ ಕಾನೂನು ಕರೆಯುವುದು 'ಗುಡ್ ಸಮಾರಿಟನ್' ಎಂದು. ಪ್ರಭು ಹೇಳಿದ ಸಾಮತಿಯ ಹೆಸರು ಕಾನೂನಿನ ಪುಸ್ತಕವನ್ನು ಸೇರಿದೆ. ನಮ್ಮ ರಸ್ತೆಗಳಿಗೆ ಅದು ಇಳಿದು ಬರುವುದು ನಮ್ಮಿಂದಲೇ.

ನಿಮ್ಮಲ್ಲಿ ಕೆಲವರು ಕೇಳಬಹುದು: "ಸಾಲ ಮಾಡಿ ಕೊಂಡ ಕಾರು ಊರಿಗೆಲ್ಲ ಟಂಟಂ ಆಗಬೇಕೇ ಫಾದರ್?" ನ್ಯಾಯವಾದ ಪ್ರಶ್ನೆ. ಸಮಾರಿಯದವನೂ ತನ್ನ ಪ್ರಯಾಣವನ್ನು ಶಾಶ್ವತವಾಗಿ ಬಿಟ್ಟುಬಿಡಲಿಲ್ಲ. ಗಾಯಾಳುವನ್ನು ಛತ್ರದವನಿಗೆ ಒಪ್ಪಿಸಿ ಮರುದಿನ ತನ್ನ ದಾರಿ ಹಿಡಿದ. ಶಕ್ತಿಗೆ ತಕ್ಕಂತೆ ಎಂದು ಸಂತ ತೋಮಸರು ಹೇಳಿದ್ದೂ ಇದಕ್ಕೇ. ನಿಮ್ಮ ಮನೆಯವರು ಊಟಕ್ಕೆ ಕುಳಿತು ಇಷ್ಟನ್ನು ನಿರ್ಧರಿಸಿಕೊಳ್ಳಿ: ನಮ್ಮ ಓಣಿಯಲ್ಲಿ ರಾತ್ರಿ ಕಷ್ಟ ಬಂದರೆ ಯಾರು ನಮ್ಮ ಬಾಗಿಲು ತಟ್ಟಬಹುದು? ತಟ್ಟಬಹುದೆಂದು ಅವರಿಗೆ ಗೊತ್ತಿದೆಯೇ? ಭಾನುವಾರ ಪೂಜೆಗೆ ಬರಲಾಗದ ಯಾವ ವೃದ್ಧರಿಗೆ ನಮ್ಮ ಹಿಂದಿನ ಸೀಟಿನಲ್ಲಿ ಜಾಗವಿದೆ?

ಆ ಹುಡುಗಿಯ ಪ್ರಶ್ನೆಗೆ ಮರಳುತ್ತೇನೆ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಏಕೆ ಸಿಗಲಿಲ್ಲ ಎಂಬುದರ ಪೂರ್ತಿ ಉತ್ತರ ನನ್ನ ತತ್ತ್ವಶಾಸ್ತ್ರದಲ್ಲೂ ಇಲ್ಲ, ದೈವಶಾಸ್ತ್ರದಲ್ಲೂ ಇಲ್ಲ. ಆದರೆ ದೇವರು ಬಾಜೂ ಮನೆಯವರಿಗೆ ಕೊಡಬೇಕೆಂದಿರುವುದನ್ನು ನಮ್ಮ ಕೈಯಲ್ಲಿ ಇಟ್ಟಿರಬಹುದು ಎಂದು ನಾನು ನಂಬುತ್ತೇನೆ. ಈ ಮಾತನ್ನು ಹೇಳಲೆಂದೇ ಮೊನ್ನೆ ಆ ಓಣಿಗೆ ಮನೆ ಭೇಟಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಉತ್ತರ ಸಿಕ್ಕಿತು. ಬಾಜೂ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ದಪ್ಪಕ್ಷರದಲ್ಲಿ ಒಂದು ಫೋನ್ ನಂಬರು ಬರೆದಿತ್ತು. "ಟೀಚರದ್ರಿ ಫಾದರ್. ಎಷ್ಟ್ ಹೊತ್ತಾದ್ರೂ ಕರೀರಿ ಅಂದಾಳ" ಎಂದಳು ಕಂಕುಳಲ್ಲಿ ಕೂಸು ಹೊತ್ತಿದ್ದ ಆ ಸೊಸೆ.

ಪ್ರಾರ್ಥಿಸೋಣ: ತಂದೆಯೇ, ನೀನು ಕೊಟ್ಟದ್ದಕ್ಕೆ ಸ್ತೋತ್ರ. ನಮ್ಮ ಕೈಗೂ ಕಾಲಿಗೂ ಎಚ್ಚರ ಕೊಡು. ದಾರಿಯಲ್ಲಿ ಬಿದ್ದವರನ್ನು ಕಂಡಾಗ ನಿಲ್ಲುವ ಮನಸ್ಸು ಕೊಡು. ಹೊರಟವರೆಲ್ಲ ಮನೆ ಸೇರಲಿ. ಆಮೆನ್.