ಶಿಲ್ಪಿಯ ಸಹಿ ಮತ್ತು ಕರ್ತೃತ್ವದ ಪ್ರಶ್ನೆ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಮಾಡಿದವರು ಯಾರು ಎಂಬ ಪ್ರಶ್ನೆಗೆ ಅಲ್ಲಿಯೇ ಹಲವು ಉತ್ತರಗಳು ದೊರೆಯುತ್ತವೆ. 1117ರ ಪ್ರತಿಷ್ಠಾಪನೆಯ ಕೀರ್ತಿಯನ್ನು ಶಾಸನವು ಹೊಯ್ಸಳ ದೊರೆ ವಿಷ್ಣುವರ್ಧನನಿಗೆ ಸಲ್ಲಿಸುತ್ತದೆ; ಮದನಿಕೆಗಳ, ಎಂದರೆ ಕಂಬದ ತಲೆಗೂ ಮೇಲ್ಚಾವಣಿಗೂ ನಡುವೆ ಓರೆಯಾಗಿ ನಿಲ್ಲಿಸಿದ ಸ್ತ್ರೀವಿಗ್ರಹಗಳ, ಪೀಠಗಳಾದರೋ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳನ್ನು, ಅಂದರೆ ಶಿಲ್ಪಿಗಳನ್ನು, ಬಿರುದುಗಳ ಸಮೇತ ಹೆಸರಿಸುತ್ತವೆ; ಜನಪದವು ಎಲ್ಲವನ್ನೂ ದಂತಕಥೆಯ ಶಿಲ್ಪಿ ಜಕಣಾಚಾರಿಯೊಬ್ಬನಿಗೇ ಒಪ್ಪಿಸುತ್ತದೆ.

ಇವುಗಳಲ್ಲಿ ಸಹಿಯೇ ಗಟ್ಟಿ ಆಧಾರವೆಂದು ತೋರಿದರೂ ಅದಕ್ಕೂ ಮಿತಿಯುಂಟು. ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯೊಂದಿಗೂ ಸುಮಾರು ಅರುವತ್ತು ವರ್ಷಗಳ ಅನಂತರದ ಸೋಮನಾಥಪುರದೊಂದಿಗೂ ಸೇರಿಕೊಂಡಿದೆ; ಇದು ಒಬ್ಬನದೇ ದೀರ್ಘ ವೃತ್ತಿಜೀವನವಾಗಿರಬಹುದು, ಆದರೆ ಹೆಸರೊಂದೇ ಅದನ್ನು ಸಾಧಿಸಿ ತೋರಿಸಲಾರದು. ಸಹಿ ಸಾಲದಿದ್ದಲ್ಲಿ ಶೈಲಿಯನ್ನು ನೋಡಬಹುದು. 19ನೆಯ ಶತಮಾನದ ಇಟಲಿಯ ವಿಮರ್ಶಕ ಜೊವಾನಿ ಮೊರೆಲ್ಲಿ, ಚಿತ್ರಕಾರನು ಅಭ್ಯಾಸಬಲದಿಂದ ಬಿಡಿಸುವ ಕಿವಿ, ಉಗುರುಗಳಂಥ ಸಣ್ಣ ವಿವರಗಳಿಂದ ಕೈಯನ್ನು ಗುರುತಿಸಬಹುದೆಂದನು. ಆದರೆ ಕೈಯ ಅಭ್ಯಾಸವೇ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದು ಬರುವಲ್ಲಿ ಶೈಲಿಯು ಒಬ್ಬ ವ್ಯಕ್ತಿಗಿಂತ ಒಂದು ಮನೆತನವನ್ನು ಸೂಚಿಸುವುದೇ ಹೆಚ್ಚು.

ಇಲ್ಲಿ ಪ್ರಶ್ನೆಯು ಇತಿಹಾಸದಿಂದ ತತ್ತ್ವಶಾಸ್ತ್ರಕ್ಕೆ ದಾಟುತ್ತದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಆಶ್ರಯವಾದ ಅಧಿಷ್ಠಾನ, ಮಾಡುವ ಕರ್ತೃ, ಸಾಧನಗಳಾದ ಕರಣಗಳು, ಬಗೆಬಗೆಯ ಚೇಷ್ಟೆಗಳು ಮತ್ತು ದೈವ. ಹೀಗಿರುವಾಗ ತಾನೊಬ್ಬನೇ ಕರ್ತೃವೆಂದು ಭಾವಿಸುವವನು ಸರಿಯಾಗಿ ಕಾಣಲಾರನೆಂಬುದು ಅದರ ನಿಲುವು. ಈ ಲೆಕ್ಕದಲ್ಲಿ ಕಲ್ಲು, ಉಳಿ, ಪರಂಪರೆ, ಪೋಷಕ, ಎಲ್ಲಕ್ಕೂ ಕೃತಿಯಲ್ಲಿ ಪಾಲಿದೆ. ಪ್ರಾಣಪ್ರತಿಷ್ಠೆಯಾದ ಮೇಲಂತೂ ಭಕ್ತನಿಗೆ ಕಾಣುವುದು ಶಿಲ್ಪಿಯ ಕೆಲಸವಲ್ಲ, ದೇವರು.

ಹಾಗಾದರೆ ಬಿರುದುಸಹಿತ ಸಹಿಯು ಅಹಂಕಾರವೇ ಎಂಬ ಆಕ್ಷೇಪ ಏಳಬಹುದು. ಆದರೆ ಗೀತೆಯು ಅಲ್ಲಗಳೆಯುವುದು ‘ನಾನೊಬ್ಬನೇ’ ಎಂಬ ಭಾವವನ್ನೇ ಹೊರತು ಕರ್ತೃವಿನ ಇರವನ್ನಲ್ಲ. ಐದರ ಪಟ್ಟಿಯಲ್ಲಿ ಅವನೂ ಒಬ್ಬ. ಒಂದೊಂದು ವಿಗ್ರಹದ ಕೆಳಗೆ ಒಂದೊಂದು ಹೆಸರನ್ನು ಕೊರೆದವರು ದೇವಾಲಯವೆಲ್ಲ ತಮ್ಮದೆನ್ನಲಿಲ್ಲ, ತಮ್ಮ ಪಾಲನ್ನಷ್ಟೇ ಹೇಳಿಕೊಂಡರು. ಕರ್ತೃತ್ವವನ್ನು ತ್ಯಜಿಸುವುದು ಸಾಧನೆಯೆನಿಸಬೇಕಾದರೆ ಮಾಡಿದವನೇ ಅದನ್ನು ತ್ಯಜಿಸಬೇಕು. ಅವನ ಪರವಾಗಿ ಇತರರು ತ್ಯಜಿಸಿದರೆ ಅದು ವೈರಾಗ್ಯವಾಗದೆ ಮರೆವಾಗುತ್ತದೆ, ಅನೇಕರ ದುಡಿಮೆಯನ್ನು ಒಬ್ಬ ದಂತಕಥೆಯ ನಾಯಕನಿಗೋ ಒಬ್ಬ ಅರಸನಿಗೋ ಒಪ್ಪಿಸುವ ಅನ್ಯಾಯಕ್ಕೆ ದಾರಿಯಾಗುತ್ತದೆ. ಆದುದರಿಂದ ಕಲಾಕೃತಿಯ ಕರ್ತೃವನ್ನು ಹುಡುಕುವ ವಿದ್ವಾಂಸನ ಶ್ರಮವು ಭಕ್ತಿಗೆ ವಿರುದ್ಧವಲ್ಲ. ಪ್ರತಿಯೊಂದು ಕಾರಣಕ್ಕೂ ಅದರ ಪಾಲನ್ನು ಸಲ್ಲಿಸುವ ವಿವೇಕವೇ ಅದು.