ಮೋಟರ್ ಹಚ್ಚಿದ ಸೈಕಲ್ಲು, ದಣಿಯದ ಕಾಲು

ಎಂಟನೇ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರ ಉಚಿತ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಮೊದಲ ವರ್ಷ ಸೈಕಲ್ ಪಡೆದವರಿಗೆ ಈಗ ಮೂವತ್ತು ದಾಟಿದೆ. ಆ ಯೋಜನೆಯ ಸೈಕಲ್ಲುಗಳು ಮಾತ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಿತ್ತಲುಗಳಲ್ಲಿ, ದನದ ಕೊಟ್ಟಿಗೆಗಳಲ್ಲಿ ಇನ್ನೂ ಕಣ್ಣಿಗೆ ಬೀಳುತ್ತವೆ. ಚೈನಿಗೆ ತುಕ್ಕು ಹಿಡಿದಿರುತ್ತದೆ, ಸೀಟು ಹರಿದಿರುತ್ತದೆ, ಫ್ರೇಮು ಗಟ್ಟಿಯಾಗಿರುತ್ತದೆ. ಅಂಥದ್ದಕ್ಕೆ ಒಂದು ಮೋಟರ್ ಹಚ್ಚಿದರೆ ಹೇಗೆ ಎಂಬ ಆಸೆ ಹುಟ್ಟಲು ಹೆಚ್ಚೇನೂ ಬೇಕಿಲ್ಲ. ಏಪ್ರಿಲ್ ತಿಂಗಳ ನಲವತ್ತು ಡಿಗ್ರಿ ಬಿಸಿಲು, ಊರಿಂದ ಹೊಲಕ್ಕೆ ಆರೇಳು ಕಿಲೋಮೀಟರ್ ದಾರಿ, ಇಷ್ಟಿದ್ದರೆ ಸಾಕು.

ಆದರೆ ಇದು ಶರಣರ ಸೀಮೆ. ಬಸವಣ್ಣನ ಬಾಗೇವಾಡಿ ಇಲ್ಲಿದೆ. ಮಡಿವಾಳ ಮಾಚಯ್ಯನ ದೇವರ ಹಿಪ್ಪರಗಿ ಮೊನ್ನೆಮೊನ್ನೆಯವರೆಗೆ ಸಿಂದಗಿ ತಾಲ್ಲೂಕಿನಲ್ಲೇ ಇತ್ತು. ಬಟ್ಟೆ ಒಗೆಯುವುದನ್ನು, ಹಗ್ಗ ಹೊಸೆಯುವುದನ್ನು, ದೋಣಿ ನಡೆಸುವುದನ್ನು ಪೂಜೆಯ ಸಮಕ್ಕೆ ತಂದವರು ನಡೆದಾಡಿದ ನೆಲದಲ್ಲಿ, ಮೈ ದಣಿಯದಂತೆ ಮಾಡುವ ಯಂತ್ರಕ್ಕೆ ಯಾವ ಸ್ಥಾನ? ತುಳಿಯುವ ಕಾಲಿಗೆ ಬಿಡುವು ಕೊಟ್ಟವನು ಕಾಯಕದಿಂದ ತಪ್ಪಿಸಿಕೊಂಡನೇ?

ಈ ಸಂಶಯ ಕನ್ನಡಿಗರಿಗೆ ಮಾತ್ರ ಬಂದದ್ದಲ್ಲ. ಚೀನಾದ ಜುವಾಂಗ್‌ಜಿ ಗ್ರಂಥದಲ್ಲಿ ಒಬ್ಬ ಮುದುಕ ಬಾವಿಗಿಳಿದು ಕೊಡದಲ್ಲಿ ನೀರು ಹೊತ್ತು ತಂದು ತೋಟಕ್ಕೆ ಉಣಿಸುತ್ತಿರುತ್ತಾನೆ. ಕನ್‌ಫ್ಯೂಷಿಯಸ್‌ನ ಶಿಷ್ಯನೊಬ್ಬ ಅವನಿಗೆ ಏತದ ವಿಚಾರ ಹೇಳುತ್ತಾನೆ: ಕಡಿಮೆ ಶ್ರಮ, ಹೆಚ್ಚು ನೀರು. ಮುದುಕ ನಗುತ್ತಾನೆ. ಏತ ಅವನಿಗೆ ಗೊತ್ತಿಲ್ಲದ್ದಲ್ಲ. ಯಂತ್ರ ಹಿಡಿದವನ ಮನಸ್ಸೂ ಯಂತ್ರದಂತಾಗುತ್ತದೆ ಎಂಬುದು ಅವನ ಹೆದರಿಕೆ. ಏತವನ್ನೇ ಬೇಡ ಅಂದವನು ಬೋರ್‌ವೆಲ್ಲಿನ ಮುಂದೆ ನಿಂತರೆ ಏನನ್ನುತ್ತಿದ್ದನೋ!

ಶರಣರ ಕಥೆಗಳಲ್ಲಿ ಈ ಮುದುಕನಿಗೆ ಸಂಗಾತಿ ಹುಡುಕಿದರೆ ಮೊದಲು ಸಿಗುವವನು ನುಲಿಯ ಚಂದಯ್ಯ. ವಿಜಯಪುರದ ಹತ್ತಿರದ ಶಿವಣಗಿ ಅವನ ಊರೆನ್ನುತ್ತಾರೆ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿತ್ತು. ಚಂದಯ್ಯ ಅದನ್ನು ಎತ್ತಿಕೊಳ್ಳದೆ ಕೆಲಸಕ್ಕೆ ನಡೆದ. ಲಿಂಗವೇ ಅವನ ಬೆನ್ನು ಹತ್ತಿತು. ನಡುವೆ ಬಂದ ಮಾಚಯ್ಯ ಚಂದಯ್ಯನಿಗೆ ಬುದ್ಧಿ ಹೇಳಿದ. ಕಡೆಗೆ ಚಂದಯ್ಯ ಲಿಂಗಕ್ಕೂ ಒಂದು ಕೆಲಸ ಹಚ್ಚಿದ, ಹಗ್ಗ ಮಾರಿಕೊಂಡು ಬರುವುದು. ಶೂನ್ಯಸಂಪಾದನೆಯವರು ಇದನ್ನು ದೊಡ್ಡ ಚರ್ಚೆಯಾಗಿಯೇ ಬೆಳೆಸಿದ್ದಾರೆ. ಈ ಕಥೆಯಲ್ಲಿ ಬೆವರಿನ ಲೆಕ್ಕವೇ ಇಲ್ಲ ಎಂಬುದನ್ನು ಗಮನಿಸಬೇಕು. ಯಾರು ಎಷ್ಟು ದಣಿದರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೈಗೆ ಹತ್ತಿದ ಕೆಲಸವನ್ನು ಅರ್ಧಕ್ಕೆ ಬಿಡಬಹುದೇ, ದೇವರ ನೆಪದಲ್ಲಾದರೂ ಬಿಡಬಹುದೇ ಎಂಬುದೇ ಅಲ್ಲಿನ ಪ್ರಶ್ನೆ. ನೇಯುವವರಿಗೆ ಮಗ್ಗವಿತ್ತು, ಅಂಬಿಗರ ಚೌಡಯ್ಯನಿಗೆ ದೋಣಿಯಿತ್ತು. ಉಪಕರಣವನ್ನು ಶರಣರು ದೂರ ಇಟ್ಟವರಲ್ಲ.

ಹಾಗಾಗಿ ಮೋಟರ್ ಹಚ್ಚಿದ ಸೈಕಲ್ಲಿನ ಕಾಯಕವನ್ನು ಸವಾರಿಯಲ್ಲಿ ಹುಡುಕುವುದಕ್ಕಿಂತ ಕಟ್ಟುವ ಕೆಲಸದಲ್ಲಿ ಹುಡುಕುವುದು ಮೇಲು.

ಕಟ್ಟುವುದು ಹೊರಗಿನಿಂದ ಕಾಣುವಷ್ಟು ಸಲೀಸಲ್ಲ. ಹಬ್ ಮೋಟರ್ ಗಾಲಿಯ ನಡುವೆಯೇ ಕೂರುತ್ತದೆ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಎಂದರೆ 360 ವಾಟ್-ಅವರ್; ತುಂಬಿಸಲು ಅರ್ಧ ಯೂನಿಟ್ ಕರೆಂಟೂ ಬೇಡ, ಸಮತಟ್ಟಾದ ದಾರಿಯಲ್ಲಿ ಇಪ್ಪತ್ತೈದು ಕಿಲೋಮೀಟರಿಗೆ ಮೋಸವಿಲ್ಲ. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಬೆಳೆಗೆ ಎಣ್ಣಿ ಹೊಡೆಯುವ ಪಂಪಿನ 12 ವೋಲ್ಟ್ ಬ್ಯಾಟರಿ ಎರಡನ್ನು ಸೀರೀಸಿನಲ್ಲಿ ಜೋಡಿಸಿ 24 ವೋಲ್ಟಿನ ಚೈನ್ ಮೋಟರ್ ನಡೆಸಬಹುದು. 250 ವಾಟಿನ ಮೋಟರ್ ಆಗ ಹತ್ತು ಆಂಪಿಯರ್‌ಗೂ ಮಿಕ್ಕಿ ಎಳೆಯುತ್ತದೆ, 12 ಆಂಪಿಯರ್-ಅವರ್ ಬ್ಯಾಟರಿ ಒಂದು ತಾಸೂ ಬಾಳುವುದಿಲ್ಲ. ಇನ್ನು ಡೋಣಿ ಹೊಳೆಯ ದಂಡೆಯ ಎರಿ ಮಣ್ಣು. ಮಳೆ ಬಿದ್ದ ಮರುದಿನ ಆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಮನುಷ್ಯನಾದರೆ ಇಳಿದು ಕಡ್ಡಿಯಿಂದ ಕೆರೆಯುತ್ತಾನೆ. ಮೋಟರಿಗೆ ಅದು ತಿಳಿಯದು. ತಿರುಗದ ಗಾಲಿಗೆ ಕರೆಂಟ್ ಕೊಡುತ್ತಲೇ ಇದ್ದರೆ ವೈಂಡಿಂಗ್ ಕಾದು ಸುಡುತ್ತದೆ, ಇಲ್ಲವೇ ಕಂಟ್ರೋಲರ್ ಹೋಗುತ್ತದೆ.

ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಅಪಾಯದ್ದು ಎಂದರೆ ಆಕ್ಸಲ್ಲಿನ ಜಾಗ. ಸಾದಾ ಸೈಕಲ್ಲಿನಲ್ಲಿ ಆಕ್ಸಲ್ ಸುಮ್ಮನೆ ಭಾರ ಹೊರುತ್ತದೆ. ಹಬ್ ಮೋಟರಿನಲ್ಲಿ ಗಾಲಿ ಮುಂದಕ್ಕೆ ತಿರುಗಿದಷ್ಟೇ ಬಲದಿಂದ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಇರುವುದು ಎರಡೂ ಬದಿ ಚಪ್ಪಟೆ ಮಾಡಿದ ಹತ್ತು ಮಿಲಿಮೀಟರ್ ಅಗಲದ ಕಬ್ಬಿಣ ಮತ್ತು ಫೋರ್ಕಿನ ತೆಳು ಸೀಳು. ಸೀಳು ಬಿಚ್ಚಿಕೊಂಡರೆ ಆಕ್ಸಲ್ ಗಿರಕಿ ಹೊಡೆಯುತ್ತದೆ, ವೈರು ಹರಿಯುತ್ತದೆ, ಮುಂದಿನ ಗಾಲಿಯಾದರೆ ಕಳಚಿ ಬೀಳುತ್ತದೆ. ಅದಕ್ಕೇ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯಾಗಿ ಕೂರಿಸಿ ಫ್ರೇಮಿಗೆ ಕಟ್ಟಬೇಕು. ಬಣ್ಣ ಹೊಡೆದು ನಿಲ್ಲಿಸಿದ ಸೈಕಲ್ಲಿನಲ್ಲಿ ಈ ಪಟ್ಟಿ ಇದೆಯೋ ಇಲ್ಲವೋ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಯಾರೂ ನೋಡದ ಆ ಜಾಗದಲ್ಲಿ ಅರ ಹಿಡಿದು ಅರ್ಧ ತಾಸು ಹೆಚ್ಚು ಕೂರುವವನ ಕೆಲಸವನ್ನು ಚಂದಯ್ಯ ತನ್ನದೇ ಜಾತಿಯ ಕೆಲಸ ಎಂದು ಗುರುತಿಸುತ್ತಿದ್ದನೆನ್ನಲು ಅಡ್ಡಿಯಿಲ್ಲ.

ಪೆಡಲ್ ತುಳಿದಾಗಷ್ಟೇ ಮೋಟರ್ ಓಡುವ ವ್ಯವಸ್ಥೆಯೂ ಉಂಟು. ಕೇಳಲು ಹಿತವಾಗಿದೆ: ಯಂತ್ರ ಮನುಷ್ಯನ ಕೆಲಸ ಕಸಿಯುವುದಿಲ್ಲ, ಕೈಜೋಡಿಸುತ್ತದೆ. ಆದರೆ ಅಗ್ಗದ ಕಿಟ್ಟಿನ ಸೆನ್ಸರಿಗೆ ಪೆಡಲ್ ತಿರುಗುತ್ತಿದೆಯೇ ಎಂಬುದಷ್ಟೇ ಗೊತ್ತಾಗುತ್ತದೆ, ಕಾಲಿನಲ್ಲಿ ಬಲವಿದೆಯೇ ಎಂಬುದಲ್ಲ. ಸುಮ್ಮನೆ ಕಾಲಾಡಿಸಿದರೂ ಅದು ನಂಬುತ್ತದೆ. ತೋರಿಕೆಯ ಭಕ್ತಿಯನ್ನು ಝಾಡಿಸಿದ ಶರಣರು ಈ ತೋರಿಕೆಯ ತುಳಿತಕ್ಕೆ ಏನೆನ್ನುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ಸಾಮಾನ್ಯ ಮನುಷ್ಯ ಬಹಳ ಹೊತ್ತು ತುಳಿಯಬಲ್ಲದ್ದು ಸುಮಾರು 75 ವಾಟ್. 250 ವಾಟಿನ ಮೋಟರ್ ಎಂದರೆ ಸವಾರನಿಗೆ ಇನ್ನೂ ಮೂವರ ಕಾಲು ಸಿಕ್ಕಂತೆ. ಈ ಹೆಚ್ಚಳವನ್ನು ಏನು ಮಾಡುವುದು? ಮುದ್ದೇಬಿಹಾಳದ ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಈ ಪ್ರಶ್ನೆಗೆ ಮುಖಾಮುಖಿಯಾದವರು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದಳು. ದುಡಿಮೆಯ ಪಾವಿತ್ರ್ಯದ ಬಗ್ಗೆ ಗಂಡಸರು ಎಷ್ಟೋ ಮಾತಾಡಿದರು. ಎಷ್ಟು ಸಾಕು ಎಂದು ಗೆರೆ ಎಳೆದವಳು ಈ ಹೆಂಗಸು.

ಆಸ್ಟ್ರಿಯಾದಲ್ಲಿ ಹುಟ್ಟಿದ ಚಿಂತಕ ಇವಾನ್ ಇಲಿಚ್ ಕೂಡ 1970ರ ದಶಕದಲ್ಲಿ ಅಂಥದ್ದೇ ಗೆರೆ ಎಳೆದಿದ್ದ. ವಾಹನಗಳ ವೇಗ ತಾಸಿಗೆ ಹದಿನೈದು ಮೈಲಿ, ಅಂದರೆ ಹೆಚ್ಚುಕಡಿಮೆ 25 ಕಿಲೋಮೀಟರ್ ದಾಟಿದರೆ ಸಮಾಜದಲ್ಲಿ ಸಮಾನತೆ ಕೆಡುತ್ತದೆ ಎಂಬುದು ಅವನ ವಾದ: ಕೆಲವರು ಬೇಗ ತಲುಪುತ್ತಾರೆ, ಉಳಿದವರಿಗೆ ರಸ್ತೆಯೂ ಹೊತ್ತೂ ಕಡಿಮೆಯಾಗುತ್ತವೆ. ವಿಚಿತ್ರವೆಂದರೆ ನಮ್ಮ ಕಾನೂನಿನ ಅಂಕಿಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರಿನ ಶಕ್ತಿ 250 ವಾಟಿನೊಳಗೆ, ವೇಗ 25 ಕಿಲೋಮೀಟರಿನೊಳಗೆ ಇದ್ದರೆ ಅಂಥ ಬ್ಯಾಟರಿ ಸೈಕಲ್ಲು ಮೋಟಾರು ವಾಹನವಲ್ಲ. ಪೆಟ್ರೋಲ್ ಎಂಜಿನ್ನಿಗೆ 25 ಸಿಸಿ ಮಿತಿ. ಹುಲ್ಲು ಕತ್ತರಿಸುವ ಯಂತ್ರದ 50 ಸಿಸಿ ಎಂಜಿನ್ ಬಿಚ್ಚಿ ಕೂರಿಸಿದರೆ ಅದು ನೋಂದಣಿ, ವಿಮೆ, ಲೈಸೆನ್ಸ್ ಬೇಡುವ ಗಾಡಿ.

ಆ 25ರಲ್ಲೂ ಜೋಕೆ ಬೇಕು. ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಸೈಕಲ್ಲು ಇಪ್ಪತ್ತೈದಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಿಗೂ ಹೆಚ್ಚು. ಹಳೆಯ ಸೈಕಲ್ಲಿನ ಸರಳಿನ ಬ್ರೇಕು, ಅದೂ ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ, ಇದಕ್ಕೆ ಸಾಲದು. ಆದ್ದರಿಂದ ಮೋಟರ್ ತರಲು ವಿಜಯಪುರಕ್ಕೋ ಸೋಲಾಪುರಕ್ಕೋ ಹೊರಟವರು ಮೊದಲು ಹೊಸ ಬ್ರೇಕಿಗೆ ದುಡ್ಡು ತೆಗೆದಿಡಿ. ಹಿಡಿಕೆ ಅದುಮಿದ ಕೂಡಲೇ ಮೋಟರಿಗೆ ಕರೆಂಟ್ ಕಡಿಯುವ ಲಿವರನ್ನೇ ಕೇಳಿ ತನ್ನಿ.