ಏಕಾಂತವೂ ಒಂಟಿತನವೂ

ಪವಾಯಿಯ ಐ.ಐ.ಟಿ.ಯಲ್ಲಿ ಪಿಎಚ್.ಡಿ. ಮಾಡುವ ಕನ್ನಡದ ಹುಡುಗರು ಹಬ್ಬ ಹರಿದಿನಕ್ಕೆ ನಮ್ಮ ಮನೆಗೆ ಬರುವುದುಂಟು. ಸಂಶೋಧನೆಗೆ ಏಕಾಂತ ಬೇಕು ಅಂತ ಎಲ್ಲರೂ ಹೇಳುತ್ತೇವೆ. ಸರಿ, ಆದರೆ ಆ ಏಕಾಂತ ಒಂಟಿತನವಾಗುವುದು ಯಾವಾಗ? ಹಾಗಾದಾಗ ಹೊಣೆ ಯಾರದು?

ಬಿ.ಟೆಕ್. ಹುಡುಗರಿಗೆ ಬ್ಯಾಚು ಅಂತ ಒಂದಿರುತ್ತದೆ. ಪಿಎಚ್.ಡಿ.ಯವರಿಗೆ ಕೋರ್ಸ್‌ವರ್ಕ್ ಮುಗಿದರೆ ತರಗತಿಯೇ ಇಲ್ಲ. ಒಬ್ಬ ಗೈಡು, ಒಂದು ಮೇಜು. ಪಕ್ಕದವನ ವಿಷಯವೇ ಬೇರೆ. ವಿಶ್ವವಿದ್ಯಾಲಯಗಳಲ್ಲಾದರೆ ಯುಜಿಸಿಯ 2022ರ ನಿಯಮದಂತೆ 3ರಿಂದ 6 ವರ್ಷ. ಜೆ.ಆರ್.ಎಫ್. ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ, ಒಳ್ಳೆಯದೇ. ಆದರೆ ದುಡ್ಡಿನಿಂದ ನೀಗುವ ಕೊರತೆಯಲ್ಲ ಇದು.

ನಾವು ಬ್ಯಾಂಕಿನವರು ವರ್ಗವಾಗಿ ಯಾವ ಊರಿಗೆ ಹೋದರೂ ಅಲ್ಲೊಂದು ಶಾಖೆ ಇರುತ್ತಿತ್ತು. ಡಬ್ಬಿ ಹಂಚಿಕೊಳ್ಳುವವರು, ಯೂನಿಯನ್ನಿನವರು, ಜಗಳಕ್ಕಾದರೂ ಒಬ್ಬರು! ಸಂಜೆ ಕ್ಯಾಶ್ ಟ್ಯಾಲಿ ಆದರೆ ಆ ದಿನದ ಭಾರ ಇಳೀತು. ಇವರದು ನಾಲ್ಕೈದು ವರ್ಷ ಟ್ಯಾಲಿಯಾಗದ ಲೆಕ್ಕ. ದಾವಣಗೆರೆ ಕಡೆಯ ಹುಡುಗನೊಬ್ಬ ಹೇಳಿದ: "ಅಂಕಲ್, ಅಮ್ಮನಿಗೆ ಫೋನ್ ಮಾಡೋದೇ ಕಡಿಮೆ ಮಾಡಿಬಿಟ್ಟೆ. ಯಾವಾಗ ಮುಗಿಯುತ್ತಪ್ಪಾ ಅಂತಾರೆ. ಏನು ಹೇಳ್ಲಿ?" ಜನ ಇಲ್ಲದ್ದಕ್ಕಿಂತ ಇದು ದೊಡ್ಡ ಒಂಟಿತನ. ತನ್ನವರ ಮುಂದೆಯೇ ಬಾಯಿ ಕಟ್ಟಿಹೋಗುವುದು.

ಫ್ರಾನ್ಸಿನ ಎಮಿಲ್ ಡರ್ಕೈಮ್ 1897ರಲ್ಲೇ ಆತ್ಮಹತ್ಯೆಯ ಬಗ್ಗೆ ಪುಸ್ತಕ ಬರೆದು, ಅದು ಬರೀ ಒಬ್ಬನ ಮನಸ್ಸಿನ ದೌರ್ಬಲ್ಯವಲ್ಲ, ಸಮಾಜದೊಡನೆ ಅವನ ಕೊಂಡಿ ಎಷ್ಟು ಗಟ್ಟಿ ಎಂಬುದರ ಪ್ರಶ್ನೆ ಎಂದು ವಾದಿಸಿದ. ಹಾಗಿದ್ದರೆ "ಹುಡುಗ ಗಟ್ಟಿಯಿರಲಿಲ್ಲ" ಅಂತ ನಾವು ಕೈತೊಳೆದುಕೊಳ್ಳುವಂತಿಲ್ಲ.

ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು. ಮನೆ ಬಿಟ್ಟು ಬಂದವರೇ ಕಟ್ಟಿಕೊಂಡ ಮನೆ. ಇಂಥ ಸಂಘಗಳ ಉಪಕಾರ ದೊಡ್ಡದು. ಆದರೆ ಸಾಮಾನ್ಯವಾಗಿ ನಾವು ಡಾಕ್ಟರೇಟ್ ಬಂದವರಿಗೆ ಶಾಲು ಹೊದಿಸುತ್ತೇವೆ. ನಾಲ್ಕನೇ ವರ್ಷದಲ್ಲಿ ಪೇಪರು ವಾಪಸು ಬಂದು ಹಾಸ್ಟೆಲಿನಲ್ಲಿ ಕೂತವನನ್ನು ಕರೆಯುವುದು ನಮಗೆ ಹೊಳೆಯುವುದಿಲ್ಲ. ಗೆದ್ದವನಿಗೆ ಮಾತ್ರ ಸಿಗುವುದು ಸನ್ಮಾನ. ತನ್ನವರು ಅನ್ನುವುದು ಅದಕ್ಕೂ ಮೊದಲೇ ಸಿಗಬೇಕಾದ್ದಲ್ಲವೇ?

ಇದಕ್ಕೆ ಒಬ್ಬ ಹುಡುಗಿ ಅಡ್ಡಮಾತು ತೆಗೆದಳು. "ಭಾಷೆ ಒಂದೇ ಅಂದ ಮಾತ್ರಕ್ಕೆ ನಮ್ಮವರಾಗ್ತಾರಾ ಅಂಕಲ್? ರಾತ್ರಿ ಎರಡು ಗಂಟೆಗೆ ಪ್ರಯೋಗ ಕೆಟ್ಟಾಗ ಜೊತೆ ಕೂತೋಳು ಮಣಿಪುರದ ಗೆಳತಿ." ನಾನು ಒಪ್ಪಿದೆ. ಮುಂದಿನ ಯುಗಾದಿಗೆ ಆಕೆಯನ್ನೂ ಕರೆದುಕೊಂಡು ಬಾ ಅಂದೆ. ಇಬ್ಬರೂ ಬಂದರು.